ಭಾರದ ಅಡಿಯಲ್ಲಿ ಮಣ್ಣು: ನೇಗಿಲ ಹದ, ಚಕ್ರದ ಹದ ಮತ್ತು ಗಟ್ಟಿ ಪದರ

ಉಳುಮೆ, ಬಿತ್ತನೆ, ಕಟಾವು ಮತ್ತು ಸಾಗಣೆಯ ಸಮಯದಲ್ಲಿ ಹೊಲದ ಮಣ್ಣು ಯಂತ್ರಗಳ ಭಾರವನ್ನು ಹೊರುತ್ತದೆ. ಈ ಭಾರವನ್ನು ಮಣ್ಣು ಯಾವ ಸ್ಥಿತಿಯಲ್ಲಿ ತಾಳಿಕೊಳ್ಳುತ್ತದೆ, ಯಾವ ಸ್ಥಿತಿಯಲ್ಲಿ ತಾಳಲಾರದೆ ಶಾಶ್ವತವಾಗಿ ಅದುಮಿಹೋಗುತ್ತದೆ ಎಂಬ ತಿಳಿವಳಿಕೆ ಇಂದಿನ ಯಾಂತ್ರೀಕೃತ ಬೇಸಾಯದಲ್ಲಿ ಅತ್ಯವಶ್ಯಕ. ಮೇಲ್ಮಣ್ಣು ಅದುಮಿದರೆ ಮುಂದಿನ ಉಳುಮೆಯಲ್ಲಿ ಬಹುಮಟ್ಟಿಗೆ ಸರಿಪಡಿಸಬಹುದು. ಉಳುಮೆಯ ಆಳಕ್ಕಿಂತ ಕೆಳಗೆ ಮಣ್ಣು ಅದುಮಿದರೆ ಅದು ಹಲವು ವರ್ಷಗಳ ಕಾಲ ಹಾಗೆಯೇ ಉಳಿಯುತ್ತದೆ. ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ, ಹಾಕಿದ ಗೊಬ್ಬರಕ್ಕೆ ತಕ್ಕ ಇಳುವರಿ ಬರುವುದಿಲ್ಲ. ಆದುದರಿಂದ ತೇವದ ಹೊಲಕ್ಕೆ ಭಾರವಾದ ಯಂತ್ರವನ್ನು ಇಂದೇ ಇಳಿಸಬೇಕೇ, ನಾಲ್ಕು ದಿನ ಕಾಯಬೇಕೇ ಎಂಬುದು ಆ ಜಮೀನಿನ ಮುಂದಿನ ಅನೇಕ ಬೆಳೆಗಳನ್ನು ನಿರ್ಧರಿಸುವ ಪ್ರಶ್ನೆಯಾಗಿದೆ. ಈ ಲೇಖನದಲ್ಲಿ ಅದಕ್ಕೆ ಬೇಕಾದ ಮೂಲ ತತ್ತ್ವಗಳನ್ನೂ ಹೊಲದಲ್ಲಿಯೇ ಮಾಡಬಹುದಾದ ಪರೀಕ್ಷೆಗಳನ್ನೂ ವಿವರಿಸಲಾಗಿದೆ.

ಭಾರಕ್ಕೆ ಮಣ್ಣಿನ ಪ್ರತಿಕ್ರಿಯೆ

ಯಾವುದೇ ವಸ್ತುವಿನ ಮೇಲೆ ಭಾರ ಬಿದ್ದಾಗ ಅದರ ಆಕಾರ ಬದಲಾಗುತ್ತದೆ. ಭಾರ ತೆಗೆದ ಕೂಡಲೇ ವಸ್ತು ಮೊದಲಿನ ಆಕಾರಕ್ಕೆ ಮರಳಿದರೆ ಅದು ಸ್ಥಿತಿಸ್ಥಾಪಕ ಬದಲಾವಣೆ. ಭಾರ ತೆಗೆದರೂ ಬದಲಾದ ಆಕಾರವೇ ಉಳಿದರೆ ಅದು ಶಾಶ್ವತ ಬದಲಾವಣೆ. ರಬ್ಬರಿನ ಚೆಂಡನ್ನು ಅದುಮಿ ಬಿಟ್ಟರೆ ಮೊದಲನೆಯದು, ಕುಂಬಾರನ ಹಸಿ ಜೇಡಿಯನ್ನು ಅದುಮಿದರೆ ಎರಡನೆಯದು. ಒಣಗಿದ ಹೆಂಟೆಯನ್ನು ಹೊಡೆದಾಗ ಅದು ಆಕಾರ ಬದಲಿಸದೆ ಸಿಡಿದು ಒಡೆಯುತ್ತದೆ. ಇದು ಮೂರನೆಯ ಬಗೆ. ಹೊಲದ ಮಣ್ಣು ತನ್ನ ತೇವಾಂಶ ಮತ್ತು ಮೇಲೆ ಬೀಳುವ ಭಾರಕ್ಕೆ ಅನುಗುಣವಾಗಿ ಈ ಮೂರೂ ಬಗೆಗಳಲ್ಲಿ ವರ್ತಿಸುತ್ತದೆ.

ಇಲ್ಲಿ ಗಮನಿಸಬೇಕಾದ ವಿಶೇಷವೊಂದಿದೆ. ಮಣ್ಣು ತಾನು ಈವರೆಗೆ ಹೊತ್ತ ಅತ್ಯಂತ ದೊಡ್ಡ ಒತ್ತಡವನ್ನು ಒಂದರ್ಥದಲ್ಲಿ ನೆನಪಿಟ್ಟುಕೊಂಡಿರುತ್ತದೆ. ತೇವಾಂಶ ಅಷ್ಟೇ ಇದ್ದಾಗ ಆ ಮಿತಿಯೊಳಗಿನ ಒತ್ತಡ ಮತ್ತೆ ಬಿದ್ದರೆ ಮಣ್ಣು ಸ್ವಲ್ಪವೇ ಕುಗ್ಗಿ ಬಹುಪಾಲು ಮರಳಿ ಏಳುತ್ತದೆ. ಮಿತಿ ಮೀರಿದ ಒತ್ತಡ ಬಿದ್ದಾಗ ಮಾತ್ರ ಮಣ್ಣಿನ ಕಣಗಳು ಜರುಗಿ, ನಡುವಿನ ರಂಧ್ರಗಳು ಮುಚ್ಚಿ, ಮಣ್ಣು ಹೊಸದಾಗಿ ಗಟ್ಟಿಯಾಗುತ್ತದೆ. ಒಂದೇ ಜಾಡಿನಲ್ಲಿ ಚಕ್ರ ಹಲವು ಬಾರಿ ಹಾದಾಗ ಹಾನಿಯ ಹೆಚ್ಚಿನ ಭಾಗ ಮೊದಲನೆಯ ಸಲವೇ ಆಗುವುದಕ್ಕೆ ಇದೇ ಕಾರಣ. ಯಂತ್ರಗಳನ್ನು ಹೊಲದ ತುಂಬ ಅಡ್ಡಾಡಿಸುವ ಬದಲು ನಿಗದಿತ ಜಾಡಿನಲ್ಲಿಯೇ ಓಡಿಸಬೇಕೆಂಬ ಸಲಹೆಯ ಆಧಾರವೂ ಇದೇ.

ತೇವಾಂಶದ ಪಾತ್ರ: ಎರಡು ಬಗೆಯ ಹದ

ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಅಟ್ಟರ್‌ಬರ್ಗ್ 1911ರಲ್ಲಿ ಜೇಡಿ ಮಣ್ಣಿನ ಸ್ಥಿತಿಗಳನ್ನು ತೇವಾಂಶದ ಆಧಾರದ ಮೇಲೆ ವಿಂಗಡಿಸಿದರು. ಒಣ ಮಣ್ಣು ಗಡುಸಾಗಿದ್ದು ಒತ್ತಿದರೆ ಒಡೆಯುತ್ತದೆ. ತೇವ ಹೆಚ್ಚಿದಂತೆ ಅದು ಕೈಯಲ್ಲಿ ಹುಡಿಯಾಗುವ ಸ್ಥಿತಿಗೆ ಬರುತ್ತದೆ. ತೇವ ಇನ್ನೂ ಹೆಚ್ಚಿದರೆ ಒಡೆಯದೆ ಬೇಕಾದ ಆಕಾರ ತಾಳುವ ಮಿದು ಸ್ಥಿತಿಗೂ, ಕೊನೆಗೆ ಹರಿಯುವ ಕೆಸರಿನ ಸ್ಥಿತಿಗೂ ತಲುಪುತ್ತದೆ. ಹುಡಿಯಾಗುವ ಸ್ಥಿತಿಯಿಂದ ಮಿದು ಸ್ಥಿತಿಗೆ ದಾಟುವ ತೇವಾಂಶವನ್ನು ಮಿದು ಮಿತಿ ಎನ್ನಬಹುದು. ನಮ್ಮ ರೈತರು ಹದ ಎಂದು ಕರೆಯುವುದು ಈ ಮಿದು ಮಿತಿಗಿಂತ ಸ್ವಲ್ಪ ಕೆಳಗಿನ ತೇವವನ್ನೇ. ಈ ತೇವದಲ್ಲಿ ನೇಗಿಲಿಗೆ ಮಣ್ಣು ಅಂಟದೆ, ಹೆಂಟೆ ಏಳದೆ, ಸಡಿಲವಾಗಿ ಬಿಡಿಸಿಕೊಳ್ಳುತ್ತದೆ.

ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಮಣ್ಣಿನ ಅಣೆಕಟ್ಟುಗಳಿಗಾಗಿ ಮಣ್ಣನ್ನು ಗಟ್ಟಿಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಒಂದೇ ಪ್ರಮಾಣದ ಪೆಟ್ಟು ಕೊಟ್ಟರೂ ತೇವ ಹೆಚ್ಚಿದಂತೆ ಮಣ್ಣು ಹೆಚ್ಚು ಹೆಚ್ಚು ಗಟ್ಟಿಯಾಗುತ್ತದೆ, ಒಂದು ಹಂತದ ನಂತರ ಮತ್ತೆ ಕಡಿಮೆ ಗಟ್ಟಿಯಾಗುತ್ತದೆ ಎಂಬುದನ್ನು ಈ ವಿಧಾನ ತೋರಿಸಿತು. ನೀರು ಕಣಗಳ ನಡುವೆ ಎಣ್ಣೆಯಂತೆ ಕೆಲಸ ಮಾಡಿ ಅವು ಜರುಗಲು ನೆರವಾಗುತ್ತದೆ. ರಂಧ್ರಗಳೆಲ್ಲ ನೀರಿನಿಂದ ತುಂಬಿದ ಮೇಲೆ, ನೀರನ್ನು ಅದುಮಲು ಸಾಧ್ಯವಿಲ್ಲದ ಕಾರಣ, ಮಣ್ಣು ಮತ್ತಷ್ಟು ಕುಗ್ಗಲಾರದು. ರಸ್ತೆ ಮತ್ತು ಕೆರೆಯ ಏರಿ ಕಟ್ಟುವವರು ಅತ್ಯಂತ ಗಟ್ಟಿಯಾಗುವ ತೇವವನ್ನು ಹುಡುಕಿ ರೋಲರ್ ಓಡಿಸುತ್ತಾರೆ.

ಬೇಸಾಯದ ದೃಷ್ಟಿಯಿಂದ ಇದರಲ್ಲೊಂದು ಎಚ್ಚರಿಕೆಯಿದೆ. ಅನೇಕ ಮಣ್ಣುಗಳಲ್ಲಿ ಈ ಅತ್ಯಂತ ಗಟ್ಟಿಯಾಗುವ ತೇವಾಂಶವು ಮಿದು ಮಿತಿಯ ಸಮೀಪದಲ್ಲಿಯೇ ಇರುತ್ತದೆ. ಅಂದರೆ ನೇಗಿಲಿಗೆ ಹದವಾಗಿರುವ ಮಣ್ಣು ಭಾರವಾದ ಚಕ್ರಕ್ಕೆ ಹದವಾಗಿರುವುದಿಲ್ಲ. ಹಗುರವಾದ ಉಪಕರಣ ಅದೇ ತೇವದಲ್ಲಿ ಮಣ್ಣನ್ನು ಬಿಡಿಸಿದರೆ, ತುಂಬಿದ ಟ್ರೇಲರ್ ಅದೇ ತೇವದಲ್ಲಿ ಮಣ್ಣನ್ನು ರಸ್ತೆಯಂತೆ ಅದುಮುತ್ತದೆ. ಆದ್ದರಿಂದ ನೇಗಿಲ ಹದ ಮತ್ತು ಚಕ್ರದ ಹದ ಬೇರೆ ಬೇರೆ ಎಂದು ತಿಳಿಯಬೇಕು. ಭಾರ ಹೆಚ್ಚಿದಂತೆ ಮಣ್ಣು ಹೆಚ್ಚು ಒಣಗಿರಬೇಕು, ಅದೂ ಆಳದವರೆಗೆ ಒಣಗಿರಬೇಕು.

ಒತ್ತಡ ಮೇಲೆ, ಭಾರ ಕೆಳಗೆ

ಚಕ್ರ ಮಣ್ಣನ್ನು ಮುಟ್ಟುವ ಜಾಗದಲ್ಲಿ ಬೀಳುವ ಒತ್ತಡವು ಮುಖ್ಯವಾಗಿ ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿರುತ್ತದೆ. ಆ ಒತ್ತಡ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಆ ಚಕ್ರದ ಮೇಲಿರುವ ಒಟ್ಟು ಭಾರವನ್ನು ಅವಲಂಬಿಸಿರುತ್ತದೆ. ಇವೆರಡರ ವ್ಯತ್ಯಾಸವನ್ನು ಸರಿಯಾಗಿ ಅರಿಯುವುದು ಮುಖ್ಯ. ಮಣ್ಣಿನೊಳಗೆ ಒತ್ತಡ ಹರಡುವ ಬಗೆಯನ್ನು ಲೆಕ್ಕ ಹಾಕುವ ಸೂತ್ರವನ್ನು ಫ್ರಾನ್ಸಿನ ಜೋಸೆಫ್ ಬೂಸಿನೆಸ್ಕ್ 1885ರಲ್ಲಿ ನೀಡಿದರು. ಅದರ ಆಧಾರದ ಮೇಲೆ ಮೂರು ಉದಾಹರಣೆಗಳನ್ನು ನೋಡೋಣ. ಭಾರ ಮತ್ತು ವಿಸ್ತೀರ್ಣಗಳನ್ನು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಳ್ಳಲಾಗಿದೆ.

1. ಎತ್ತಿನ ಗೊರಸು: 400 ಕೆ.ಜಿ. ತೂಕದ ಎತ್ತು ನಡೆಯುವಾಗ ಒಂದು ಗೊರಸಿನ ಮೇಲೆ 200 ಕೆ.ಜಿ. ಬೀಳುತ್ತದೆ, ಗೊರಸಿನ ವಿಸ್ತೀರ್ಣ 80 ಚದರ ಸೆಂ.ಮೀ. ಎಂದುಕೊಂಡರೆ ಮೇಲ್ಮೈಯಲ್ಲಿ ಪ್ರತಿ ಚದರ ಸೆಂ.ಮೀ.ಗೆ 2.5 ಕೆ.ಜಿ. ಒತ್ತಡ. ಆದರೆ 30 ಸೆಂ.ಮೀ. ಆಳದಲ್ಲಿ ಉಳಿಯುವುದು ಸುಮಾರು 0.1 ಕೆ.ಜಿ. ಮಾತ್ರ.

2. ಟ್ರಾಕ್ಟರಿನ ಹಿಂದಿನ ಚಕ್ರ: ಸುಮಾರು 2 ಟನ್ ತೂಕದ ಟ್ರಾಕ್ಟರಿನ ಒಂದು ಹಿಂಚಕ್ರದ ಮೇಲೆ 700 ಕೆ.ಜಿ., ನೆಲ ಮುಟ್ಟುವ ವಿಸ್ತೀರ್ಣ 1,400 ಚದರ ಸೆಂ.ಮೀ. ಇದ್ದರೆ ಮೇಲ್ಮೈಯಲ್ಲಿ 0.5 ಕೆ.ಜಿ. ಒತ್ತಡ. 30 ಸೆಂ.ಮೀ. ಆಳದಲ್ಲಿ ಸುಮಾರು 0.23 ಕೆ.ಜಿ.

3. ಕಬ್ಬು ತುಂಬಿದ ಟ್ರೇಲರ್: 10 ಟನ್ ಕಬ್ಬು, 2 ಟನ್ ಟ್ರೇಲರಿನ ಸ್ವಂತ ತೂಕ, ನಾಲ್ಕು ಚಕ್ರ. ಪ್ರತಿ ಚಕ್ರಕ್ಕೆ 3 ಟನ್. ನೆಲ ಮುಟ್ಟುವ ವಿಸ್ತೀರ್ಣ 900 ಚದರ ಸೆಂ.ಮೀ. ಇದ್ದರೆ ಮೇಲ್ಮೈಯಲ್ಲಿ 3.3 ಕೆ.ಜಿ. ಒತ್ತಡ. 30 ಸೆಂ.ಮೀ. ಆಳದಲ್ಲಿಯೂ ಸುಮಾರು 1.1 ಕೆ.ಜಿ., 50 ಸೆಂ.ಮೀ. ಆಳದಲ್ಲಿ 0.5 ಕೆ.ಜಿ.

ಎತ್ತಿನ ಗೊರಸು ಮೇಲ್ಮಣ್ಣನ್ನು ಟ್ರಾಕ್ಟರಿಗಿಂತ ಹೆಚ್ಚು ಒತ್ತುತ್ತದೆ. ಆದರೆ ಆ ಒತ್ತಡ ಕೆಳಕ್ಕೆ ಇಳಿಯುವುದಿಲ್ಲ. ಟ್ರೇಲರಿನ ಒತ್ತಡ 30 ಸೆಂ.ಮೀ. ಆಳದಲ್ಲಿ ಟ್ರಾಕ್ಟರಿನ ಒತ್ತಡದ ಸುಮಾರು ಐದು ಪಟ್ಟು. ರೈತರು ಸಾಮಾನ್ಯವಾಗಿ ಟ್ರಾಕ್ಟರಿನಿಂದ ಹೊಲ ಗಟ್ಟಿಯಾಯಿತು ಎನ್ನುತ್ತಾರೆ. ಆಳದ ಹಾನಿಗೆ ಹೆಚ್ಚಾಗಿ ಕಾರಣವಾಗುವುದು ಟ್ರಾಕ್ಟರಿನ ಹಿಂದೆ ಬರುವ, ರಸ್ತೆಗೆಂದು ಹೆಚ್ಚು ಗಾಳಿ ತುಂಬಿದ ಕಿರಿದಾದ ಟೈರುಗಳ ಟ್ರೇಲರ್.

ಈ ಲೆಕ್ಕ ಮಣ್ಣನ್ನು ಏಕರೂಪದ ಸ್ಥಿತಿಸ್ಥಾಪಕ ವಸ್ತುವೆಂದು ಭಾವಿಸುತ್ತದೆ. ತೇವವಿರುವ ಮಿದು ಮಣ್ಣಿನಲ್ಲಿ ಒತ್ತಡ ಪಕ್ಕಕ್ಕೆ ಹರಡುವುದು ಕಡಿಮೆಯಾಗಿ ಚಕ್ರದ ನೇರ ಕೆಳಕ್ಕೆ ಇನ್ನೂ ಹೆಚ್ಚು ಇಳಿಯುತ್ತದೆ. ತೇವದ ಮಣ್ಣಿನಲ್ಲಿ 50 ಸೆಂ.ಮೀ. ಆಳದ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.5 ಕೆ.ಜಿ. ಮೀರಬಾರದೆಂದು ಡೆನ್ಮಾರ್ಕಿನ ಮಣ್ಣು ವಿಜ್ಞಾನಿಗಳು ಶಿಫಾರಸು ಮಾಡಿದ್ದಾರೆ. ಮೇಲಿನ ಉದಾಹರಣೆಯ ಟ್ರೇಲರ್ ಈ ಮಿತಿಯ ಅಂಚಿನಲ್ಲಿಯೇ ಇದೆ.

ಟೈರನ್ನು ಅಗಲಗೊಳಿಸಿದರೆ ಮೇಲ್ಮಣ್ಣಿಗೆ ಲಾಭವಿದೆ, ಆದರೆ ಭಾರವನ್ನು ಹೆಚ್ಚಿಸುತ್ತ ಹೋದರೆ ಕೆಳಮಣ್ಣಿಗೆ ರಕ್ಷಣೆಯಿಲ್ಲ. ಮೇಲ್ಮೈ ಒತ್ತಡ ಎರಡರಲ್ಲಿಯೂ 1 ಕೆ.ಜಿ. ಇರುವಂತೆ 500 ಕೆ.ಜಿ. ಹಾಗೂ 2,000 ಕೆ.ಜಿ. ಭಾರದ ಎರಡು ಚಕ್ರಗಳನ್ನು ಹೋಲಿಸಿದರೆ, 40 ಸೆಂ.ಮೀ. ಆಳದಲ್ಲಿ ಮೊದಲನೆಯದರ ಒತ್ತಡ 0.13 ಕೆ.ಜಿ., ಎರಡನೆಯದರದು 0.40 ಕೆ.ಜಿ. ಪಟ್ಟಿಚಕ್ರದ ಭತ್ತ ಕಟಾವು ಯಂತ್ರಗಳಿಗೂ ಈ ತತ್ತ್ವ ಅನ್ವಯಿಸುತ್ತದೆ: ಅವು ನೆಲದಲ್ಲಿ ಹೂಳುವುದಿಲ್ಲ ಎಂದ ಮಾತ್ರಕ್ಕೆ ಅವುಗಳ ಭಾರ ಕೆಳಕ್ಕೆ ತಲುಪುವುದಿಲ್ಲವೆಂದಲ್ಲ.

ಅದುಮಿದ ಮಣ್ಣಿನೊಳಗೆ ಆಗುವ ಬದಲಾವಣೆ

ಮಣ್ಣಿನ ಖನಿಜ ಕಣಗಳ ಸಾಂದ್ರತೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 2.65 ಗ್ರಾಂ. ರಂಧ್ರಗಳೂ ಸೇರಿದ ಮಣ್ಣಿನ ಸಾಂದ್ರತೆ 1.3 ಗ್ರಾಂ ಇದ್ದರೆ ಒಟ್ಟು ಗಾತ್ರದ ಶೇ 51ರಷ್ಟು ರಂಧ್ರ, ಅದು 1.6 ಗ್ರಾಂಗೆ ಏರಿದರೆ ರಂಧ್ರ ಶೇ 40ಕ್ಕೆ ಇಳಿಯುತ್ತದೆ. ಇಳಿಕೆ ಅಲ್ಪವೆಂದು ಕಂಡರೂ ಮೊದಲು ಮುಚ್ಚಿಹೋಗುವುದು ದೊಡ್ಡ ರಂಧ್ರಗಳು. ನೀರು ಬೇಗ ಇಂಗುವುದು, ಗಾಳಿ ಆಡುವುದು, ಬೇರು ಇಳಿಯುವುದು ಈ ದೊಡ್ಡ ರಂಧ್ರಗಳ ಮೂಲಕವೇ. ಗಾಳಿ ತುಂಬಿದ ರಂಧ್ರಗಳು ಮಣ್ಣಿನ ಗಾತ್ರದ ಶೇ 10ಕ್ಕಿಂತ ಕಡಿಮೆಯಾದರೆ ಬಹುತೇಕ ಬೆಳೆಗಳ ಬೇರಿಗೆ ಉಸಿರಾಟದ ತೊಂದರೆಯಾಗುತ್ತದೆ. ಮಣ್ಣಿನೊಳಗೆ ತೂರುವ ಮೊನೆಗೆ ಎದುರಾಗುವ ಪ್ರತಿರೋಧ ಪ್ರತಿ ಚದರ ಸೆಂ.ಮೀ.ಗೆ ಸುಮಾರು 20 ಕೆ.ಜಿ. ತಲುಪಿದಾಗ ಬೇರಿನ ಬೆಳವಣಿಗೆ ತೀವ್ರವಾಗಿ ಕುಂಠಿತವಾಗುತ್ತದೆ.

ಪರಿಣಾಮಗಳು ಹೊಲದಲ್ಲಿ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ತೊಗರಿ, ಹತ್ತಿಯ ತಾಯಿಬೇರು ಒಂದು ಆಳದಲ್ಲಿ ಮೊಣಕೈಯಂತೆ ಅಡ್ಡಲಾಗಿ ತಿರುಗುತ್ತದೆ. ಮಳೆ ಬಂದ ಮರುದಿನವೂ ನೀರು ನಿಂತು ಎಲೆ ಹಳದಿಯಾಗುತ್ತದೆ. ನಿಂತ ನೀರಿನಲ್ಲಿ ಗಾಳಿಯಿಲ್ಲದೆ ಯೂರಿಯಾದ ಸಾರಜನಕದ ಒಂದು ಭಾಗ ಅನಿಲವಾಗಿ ನಷ್ಟವಾಗುತ್ತದೆ. ಹತ್ತು ದಿನ ಮಳೆ ಬಾರದಿದ್ದರೆ ಅದೇ ಬೆಳೆ ಬಾಡುತ್ತದೆ, ಕೆಳಗೆ ತೇವವಿದ್ದರೂ ಬೇರಿಗೆ ಎಟುಕುವುದಿಲ್ಲ.

ಮಣ್ಣಿನ ಬಗೆಗೆ ತಕ್ಕ ವ್ಯತ್ಯಾಸ

ಎರೆ ಭೂಮಿ: ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳ ಕಪ್ಪು ಮಣ್ಣು ತೇವದಲ್ಲಿ ಉಬ್ಬಿ ಒಣಗಿದಾಗ ಬಿರಿಯುತ್ತದೆ. ಮಳೆಯಾಶ್ರಿತ ಹೊಲದಲ್ಲಿ ಬೇಸಿಗೆಯ ಈ ಬಿರುಕುಗಳು ಅದುಮಿದ ಮಣ್ಣನ್ನು ಭಾಗಶಃ ತಾವಾಗಿಯೇ ಬಿಡಿಸುತ್ತವೆ. ಆದರೆ ವರ್ಷವಿಡೀ ನೀರು ಹಾಯಿಸುವ ಕಬ್ಬಿನ ಹೊಲದಲ್ಲಿ ಆಳದ ಮಣ್ಣು ಬಿರಿಯುವಷ್ಟು ಒಣಗುವುದೇ ಇಲ್ಲ. ಅಲ್ಲಿ ಈ ಸ್ವಯಂ ದುರಸ್ತಿ ನಡೆಯುವುದಿಲ್ಲ. ಜೇಡಿ ಹೆಚ್ಚಿರುವುದರಿಂದ ಮೇಲ್ಭಾಗ ಒಣಗಿದ್ದರೂ ಒಳಗಿನ ತೇವ ಬಹುದಿನ ಉಳಿಯುತ್ತದೆ.

ಕೆಂಪು ಮಣ್ಣು: ಇದರ ಜೇಡಿ ಹೆಚ್ಚು ಉಬ್ಬುವ ಜಾತಿಯದಲ್ಲ. ಒಮ್ಮೆ ಅದುಮಿದರೆ ತಾನಾಗಿ ಬಿಡಿಸಿಕೊಳ್ಳುವ ಶಕ್ತಿ ಕಡಿಮೆ. ಒಣಗಿದಾಗ ಕಲ್ಲಿನಂತೆ ಗಡುಸಾಗುತ್ತದೆ. ಇಲ್ಲಿ ತಡೆಗಟ್ಟುವಿಕೆಯೇ ಮುಖ್ಯ.

ಭತ್ತದ ಗದ್ದೆ: ಕೆಸರು ಮಾಡುವಾಗ ಮಣ್ಣಿನ ರಚನೆ ಒಡೆದು, ಅದರ ಅಡಿಯಲ್ಲಿ ಸಾಮಾನ್ಯವಾಗಿ 15ರಿಂದ 25 ಸೆಂ.ಮೀ. ಆಳದಲ್ಲಿ ಗಟ್ಟಿ ಪದರ ರೂಪುಗೊಳ್ಳುತ್ತದೆ. ನೀರು ನಿಲ್ಲಿಸಲು ಭತ್ತಕ್ಕೆ ಈ ಪದರ ಬೇಕು, ಅದನ್ನು ಒಡೆಯಬಾರದು. ಭತ್ತದ ನಂತರ ಕಡಲೆ, ಉದ್ದು, ಹೆಸರು ಬೆಳೆಯುವವರು ಮಾತ್ರ ಬೇರಿನ ಆಳ ಸೀಮಿತವಾಗಿರುತ್ತದೆಂದು ತಿಳಿದು, ಬೇಗ ಬಲಿಯುವ ತಳಿಗಳನ್ನು ಉಳಿದ ತೇವದಲ್ಲಿ ತಡಮಾಡದೆ ಬಿತ್ತುವುದು ಸೂಕ್ತ.

ಹೊಲದಲ್ಲಿ ಮಾಡಬಹುದಾದ ಪರೀಕ್ಷೆಗಳು

1. ಬತ್ತಿ ಪರೀಕ್ಷೆ: ಮೇಲ್ಮೈಯಿಂದಲ್ಲ, 10 ಸೆಂ.ಮೀ. ಮತ್ತು 30 ಸೆಂ.ಮೀ. ಆಳದಿಂದ ಹಿಡಿ ಮಣ್ಣು ತೆಗೆಯಿರಿ. ನೀರು ಬೆರೆಸದೆ ಅಂಗೈಯಲ್ಲಿ ಉರುಳಿಸಿ ಬತ್ತಿ ಮಾಡಿ. ಬತ್ತಿಯು 3 ಮಿ.ಮೀ.ಗಿಂತ ತೆಳುವಾದರೂ ಮುರಿಯದಿದ್ದರೆ ಮಣ್ಣು ಮಿದು ಮಿತಿಗಿಂತ ಹೆಚ್ಚು ತೇವವಾಗಿದೆ. ಯಾವ ಯಂತ್ರವನ್ನೂ ಇಳಿಸಬೇಡಿ. ಸುಮಾರು 3 ಮಿ.ಮೀ. ದಪ್ಪಕ್ಕೆ ಬರುವಾಗ ಬಿರಿದರೆ ಮಿದು ಮಿತಿಗೆ ಬಂದಿದೆ ಎಂದರ್ಥ. ಉಳುಮೆಗೆ ಇನ್ನೊಂದೆರಡು ದಿನ ಕಾಯಿರಿ. ದಪ್ಪ ಬತ್ತಿಯೇ ಹುಡಿಯಾದರೆ ಆ ಆಳಕ್ಕೆ ಉಳುಮೆ ಮಾಡಬಹುದು. ತುಂಬಿದ ಟ್ರೇಲರ್ ಅಥವಾ ಭಾರಿ ಕಟಾವು ಯಂತ್ರವನ್ನು ಇಳಿಸಬೇಕಾದರೆ 30 ಸೆಂ.ಮೀ. ಆಳದ ಮಣ್ಣಿನಲ್ಲಿ ಬತ್ತಿಯೇ ಆಗದಿರಬೇಕು. ಮರಳು ಹೆಚ್ಚಿರುವ ಮಣ್ಣಿಗೆ ಈ ಪರೀಕ್ಷೆ ಹೊಂದುವುದಿಲ್ಲ.

2. ಸರಳಿನ ಪರೀಕ್ಷೆ: ಒಳ್ಳೆಯ ಮಳೆಯಾದ ಎರಡು ಮೂರು ದಿನಗಳ ನಂತರ ಮೊನೆ ಮಾಡಿದ ಕಬ್ಬಿಣದ ಸರಳನ್ನು ಒಂದೇ ಸಮನೆ ಒತ್ತಿ ಇಳಿಸಿ. ಕೈಗೆ ತಡೆ ಸಿಕ್ಕ ಆಳವನ್ನು ಗುರುತಿಸಿ. ಹೊಲದ ನಡುವೆ, ಯಂತ್ರ ತಿರುಗುವ ಅಂಚಿನಲ್ಲಿ ಮತ್ತು ಎಂದೂ ಚಕ್ರ ಹಾಯದ ಬದುವಿನ ಬಳಿ ಹೋಲಿಸಿ ನೋಡಿ. ಒಣ ಮಣ್ಣಿನಲ್ಲಿ ಈ ಪರೀಕ್ಷೆ ಮಾಡಿದರೆ ಎಲ್ಲ ಕಡೆಯೂ ಗಟ್ಟಿಯೆಂದೇ ಕಾಣುತ್ತದೆ.

3. ಗುಂಡಿ ಪರೀಕ್ಷೆ: 50 ಸೆಂ.ಮೀ. ಆಳದ ಗುಂಡಿ ತೋಡಿ ಬೇರುಗಳು ಯಾವ ಆಳದಲ್ಲಿ ಅಡ್ಡ ತಿರುಗಿವೆ, ಮಣ್ಣು ಯಾವ ಆಳದಲ್ಲಿ ಹಾಳೆಹಾಳೆಯಾಗಿ ಏಳುತ್ತದೆ ಎಂಬುದನ್ನು ಗಮನಿಸಿ. ಗಟ್ಟಿ ಪದರದ ಆರಂಭ ಮತ್ತು ಅಂತ್ಯದ ಆಳವನ್ನು ಅಳೆದು ಬರೆದಿಡಿ.

ತಡೆಗಟ್ಟುವ ಕ್ರಮಗಳು

ಮೊದಲು ಚಕ್ರದ ಮೇಲಿನ ಭಾರವನ್ನು ಕಡಿಮೆ ಮಾಡಿ. ಹೊಲ ತೇವವಿದ್ದಾಗ ಟ್ರೇಲರನ್ನು ಅರ್ಧ ತುಂಬಿ ರಸ್ತೆಯ ಬದಿಯಲ್ಲಿ ಪೂರ್ತಿ ತುಂಬಿಸಬಹುದು, ಅಥವಾ ಟ್ರೇಲರನ್ನು ಬದುವಿನ ಬಳಿಯೇ ನಿಲ್ಲಿಸಿ ಕಬ್ಬನ್ನು ಹೊತ್ತು ತರಬಹುದು. ಇದಕ್ಕೆ ಕೂಲಿ ಹೆಚ್ಚಾಗುತ್ತದೆ ಎಂಬುದು ನಿಜ. ಆ ಖರ್ಚನ್ನು ಮುಂದಿನ ಕೂಳೆ ಬೆಳೆಗಳ ಇಳುವರಿಯೊಂದಿಗೆ ತೂಗಿ ನೋಡಬೇಕು. ಯಂತ್ರ ಹೊಲಕ್ಕೆ ಇಳಿಯಲೇಬೇಕಾದರೆ ಒಂದೆರಡು ಜಾಡುಗಳನ್ನು ನಿಗದಿಪಡಿಸಿ, ಎಲ್ಲ ಓಡಾಟವನ್ನೂ ಅವುಗಳಲ್ಲಿಯೇ ನಡೆಸಿ. ಸಾಲಿನ ಅಂತರವನ್ನು ಚಕ್ರಗಳ ಅಂತರಕ್ಕೆ ಹೊಂದಿಸಿ ನಾಟಿ ಮಾಡಿದರೆ ಚಕ್ರ ಸದಾ ಬೋದಿನ ನಡುವಿನ ಸಾಲಿನಲ್ಲಿಯೇ ಉಳಿಯುತ್ತದೆ.

ಹೊಲದ ಕೆಲಸಕ್ಕೆ ಟ್ರಾಕ್ಟರ್ ಟೈರಿನ ಗಾಳಿಯನ್ನು ತಯಾರಕರ ಕೈಪಿಡಿ ಅನುಮತಿಸುವ ಕನಿಷ್ಠ ಒತ್ತಡಕ್ಕೆ ಇಳಿಸಿ, ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಿಸಿ. ರೋಟಾವೇಟರನ್ನು ತೇವದ ಮಣ್ಣಿನಲ್ಲಿ, ಪ್ರತಿ ಸಲ ಒಂದೇ ಆಳದಲ್ಲಿ ಬಳಸಬೇಡಿ. ಅದರ ಅಲಗುಗಳು ತಳದ ಮಣ್ಣನ್ನು ಸವರಿ ನುಣುಪಾದ ಪದರ ಮಾಡುತ್ತವೆ. ಕೊಟ್ಟಿಗೆ ಗೊಬ್ಬರ, ಸೆಣಬು, ಡಯಾಂಚ ಮೊದಲಾದವುಗಳಿಂದ ಸಾವಯವ ಅಂಶ ಹೆಚ್ಚಿದಂತೆ ಮಣ್ಣಿನ ಮಿದು ಮಿತಿ ಏರುತ್ತದೆ. ಅಂದರೆ ಮಳೆಯ ನಂತರ ಹೊಲ ಬೇಗ ಹದಕ್ಕೆ ಬರುತ್ತದೆ. ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಕಣಗಳು ಸುಲಭವಾಗಿ ಚದುರಿ ರಚನೆ ಕುಸಿಯುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಜಿಪ್ಸಂ ಬಳಸಿ, ಬಸಿಗಾಲುವೆ ಮಾಡಿ.

ಗಟ್ಟಿ ಪದರವನ್ನು ಸಡಿಲಿಸುವ ವಿಧಾನ

ಗಟ್ಟಿ ಪದರ ಇದೆಯೆಂದು ಗುಂಡಿ ತೋಡಿ ಖಚಿತಪಡಿಸಿಕೊಂಡ ನಂತರವೇ ಚಿಸಲ್ ನೇಗಿಲು ಅಥವಾ ಸಬ್‌ಸಾಯಿಲರ್ ಬಳಸಬೇಕು. ಮೊನೆಯು ಪದರದ ತಳಕ್ಕಿಂತ ಸುಮಾರು 5 ಸೆಂ.ಮೀ. ಕೆಳಗೆ ಸಾಗಬೇಕು. ಪದರವಿರುವ ಆಳದಲ್ಲಿ ಮಣ್ಣು ಒಣಗಿರಬೇಕು. ಒಣ ಮಣ್ಣು ಸಿಡಿದು ಬಿರುಕು ಬಿಡುತ್ತದೆ, ತೇವದ ಮಣ್ಣಿನಲ್ಲಿ ಮೊನೆ ಬೆಣ್ಣೆಯಲ್ಲಿ ಚಾಕು ಹಾದಂತೆ ಹಾದು ಸೀಳನ್ನಷ್ಟೇ ಉಳಿಸುತ್ತದೆ. ಹೆಚ್ಚು ಆಳ ಹೋದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಮೊನೆಯ ಅಗಲದ ಸುಮಾರು 5ರಿಂದ 7 ಪಟ್ಟು ಆಳವನ್ನು ಮೀರಿದರೆ ಮಣ್ಣು ಮೇಲಕ್ಕೆ ಎದ್ದು ಬಿಡಿಸಿಕೊಳ್ಳದೆ ಪಕ್ಕಕ್ಕೆ ಅದುಮಲ್ಪಡುತ್ತದೆ. 6 ಸೆಂ.ಮೀ. ಅಗಲದ ಮೊನೆಗೆ ಇದು 30ರಿಂದ 42 ಸೆಂ.ಮೀ. ಆಗುತ್ತದೆ.

ಹೀಗೆ ಬಿಡಿಸಿದ ಮಣ್ಣು ತನ್ನ ಹಳೆಯ ಬಲವನ್ನು ಕಳೆದುಕೊಂಡಿರುತ್ತದೆ. ಅದೇ ವರ್ಷ ಅದರ ಮೇಲೆ ತುಂಬಿದ ಟ್ರೇಲರ್ ಹಾಯಿಸಿದರೆ ಮೊದಲಿಗಿಂತ ಹೆಚ್ಚು ಅದುಮಿಹೋಗುತ್ತದೆ. ಬಿಡಿಸಿದ ಕೂಡಲೇ ತೊಗರಿ, ಔಡಲ, ಸೆಣಬಿನಂತಹ ಆಳವಾದ ಬೇರಿನ ಬೆಳೆಯನ್ನು ಬಿತ್ತಿದರೆ ಬೇರುಗಳು ಬಿರುಕುಗಳಲ್ಲಿ ಇಳಿದು ಅವು ಮುಚ್ಚದಂತೆ ಕಾಯುತ್ತವೆ. ಕೊಳೆತ ಬೇರಿನ ನಾಳಗಳು ಮುಂದಿನ ಬೆಳೆಗೆ ದಾರಿಯಾಗುತ್ತವೆ.

ಆಳದ ಹಾನಿಯನ್ನು ಕಾಲವೇ ಸರಿಪಡಿಸುತ್ತದೆ ಎಂದು ನಂಬುವಂತಿಲ್ಲ. ಉತ್ತರ ಯುರೋಪಿನ ದೀರ್ಘಾವಧಿ ಪ್ರಯೋಗಗಳಲ್ಲಿ 10 ಟನ್ ಅಕ್ಷಭಾರದ ವಾಹನಗಳನ್ನು ತೇವದ ಹೊಲದಲ್ಲಿ ಓಡಿಸಿದಾಗ, ಪ್ರತಿವರ್ಷ ಉಳುಮೆ ನಡೆದರೂ, ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಕರಗುತ್ತಿದ್ದರೂ, ಕೆಳಮಣ್ಣಿನ ಗಟ್ಟಿತನ ದಶಕಕ್ಕೂ ಹೆಚ್ಚು ಕಾಲ ಉಳಿದಿತ್ತು. ನಮ್ಮ ನೆಲದಲ್ಲಿ ಹೆಪ್ಪುಗಟ್ಟುವ ಚಳಿಯೂ ಇಲ್ಲ.

ಕಾಯಲಾಗದ ಸಂದರ್ಭದಲ್ಲಿ

ಕಟಾವಿನ ಸರದಿ ಬಂದಿರುತ್ತದೆ, ಬಾಡಿಗೆಯ ಯಂತ್ರ ಊರಿನಲ್ಲಿ ಒಂದೇ ದಿನ ಇರುತ್ತದೆ, ಮತ್ತೆ ಮಳೆಯ ಮುನ್ಸೂಚನೆಯಿರುತ್ತದೆ. ಇಂತಹ ಸಂದರ್ಭದಲ್ಲಿ ಹೊಲ ಪೂರ್ತಿ ಒಣಗಲಿ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಆಗ ಕನಿಷ್ಠ ಈ ಕ್ರಮಗಳನ್ನು ಅನುಸರಿಸಿ: 30 ಸೆಂ.ಮೀ. ಆಳದ ಮಣ್ಣಿನಿಂದ ಬತ್ತಿ ಮಾಡಿ ನೋಡಿ. ಹೊಲದ ಒಣಗಿದ ಎತ್ತರದ ಭಾಗದಿಂದ ಕೆಲಸ ಆರಂಭಿಸಿ ತಗ್ಗಿನ ಭಾಗವನ್ನು ಕೊನೆಗೆ ಇಡಿ. ಧಾನ್ಯದ ತೊಟ್ಟಿ ಅರ್ಧ ತುಂಬುತ್ತಲೇ ಖಾಲಿ ಮಾಡಿಸಿ. ಟ್ರೇಲರ್ ಒಂದೇ ಜಾಡಿನಲ್ಲಿ ಹೋಗಿ ಬರಲಿ. ಆ ಜಾಡನ್ನು ಗುರುತಿಟ್ಟು ಬೇಸಿಗೆಯಲ್ಲಿ ಅಷ್ಟನ್ನೇ ಬಿಡಿಸಿ. ಹೀಗೆ ಮಾಡಿದರೆ ಹಾನಿ ಹೊಲದ ಒಂದು ಪಟ್ಟಿಗೆ ಸೀಮಿತವಾಗಿ ಉಳಿದ ಭಾಗ ಬೆಳೆಗೆ ಯೋಗ್ಯವಾಗಿರುತ್ತದೆ.

ಗಟ್ಟಿ ಪದರದ ಆಳವನ್ನು ಅಳೆಯಲು ಹಾಗೂ ಸೂಕ್ತ ಉಪಕರಣದ ಆಯ್ಕೆಗೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಸಂಪರ್ಕಿಸಿ. ಸಂಪರ್ಕಿಸುವಾಗ ಗುಂಡಿ ಪರೀಕ್ಷೆಯ ಅಳತೆಗಳನ್ನೂ ಹೊಲದಲ್ಲಿ ಓಡಾಡುವ ಅತ್ಯಂತ ಭಾರವಾದ ಯಂತ್ರದ ವಿವರವನ್ನೂ ತಿಳಿಸಿದರೆ ನಿಖರ ಸಲಹೆ ನೀಡಲು ಅನುಕೂಲವಾಗುತ್ತದೆ.